ಕಾಲು ಜಾರಿ ಬಿದ್ದ ಅಂತ ಬರೆದು ಮುಗಿಸಿಬಿಡ್ತೀವಿ

ನಮ್ಮ ವಾರ್ಡಿಗೆ ಬರೋ ಕೇಸ್ ಶೀಟ್‌ಗಳಲ್ಲಿ ಮೊದಲನೇ ಸಾಲು ಹೆಚ್ಚುಕಮ್ಮಿ ಒಂದೇ ಥರ ಇರತ್ತೆ. ಕೆಲಸ ಮಾಡುವಾಗ ಎತ್ತರದಿಂದ ಕಾಲು ಜಾರಿ ಬಿದ್ದಿದ್ದು. ಅಷ್ಟೇ. ಎಷ್ಟು ಅಡಿ ಅಂತ ಒಂದೊಂದ್ಸಲ ಇರತ್ತೆ, ಒಂದೊಂದ್ಸಲ ಅದೂ ಇರಲ್ಲ. ಅದಾದ್ಮೇಲೆ ಯಾವ ಮೂಳೆ ಮುರಿದಿದೆ, ಕಾಲಲ್ಲಿ ಎಷ್ಟು ಶಕ್ತಿ ಉಳಿದಿದೆ, ಮುಟ್ಟಿದ್ರೆ ಎಲ್ಲಿವರೆಗೆ ಗೊತ್ತಾಗತ್ತೆ, ಮೂತ್ರದ ಮೇಲೆ ಹಿಡಿತ ಇದೆಯಾ ಇಲ್ವಾ, ಇದೆಲ್ಲ ಪುಟಗಟ್ಟಲೆ ಇರತ್ತೆ. ಬಿದ್ದಿದ್ದಕ್ಕೆ ಮಾತ್ರ ಒಂದೇ ಸಾಲು.

ನಾನು ಫಿಸಿಯೋಥೆರಪಿಸ್ಟ್. ಬೆನ್ನುಹುರಿಗೆ ಪೆಟ್ಟಾದವರನ್ನ ಕೂರಿಸೋದು, ನಿಲ್ಲಿಸೋದು, ವೀಲ್‌ಚೇರ್‌ಗೆ ಹತ್ತಿ ಇಳಿಯೋದು ಕಲಿಸೋದು ನನ್ನ ಕೆಲಸ. ಬರೋರಲ್ಲಿ ತುಂಬಾ ಜನ ಕಟ್ಟಡ ಕೆಲಸದವರು, ಪೇಂಟರ್, ಗಾರೆಯವರು, ಸೆಂಟ್ರಿಂಗ್‌ನವರು, ವೆಲ್ಡರ್, ಶೀಟ್ ಹಾಕೋರು, ಟೈಲ್ಸ್‌ನವರು. ಇಷ್ಟು ವರ್ಷದಿಂದ ನೋಡ್ತಾ ನೋಡ್ತಾ ನನಗೆ ಆ ಮೊದಲನೇ ಸಾಲಿನ ಮೇಲೇ ಸಿಟ್ಟು ಬರೋಕೆ ಶುರುವಾಗಿದೆ, ಅದಕ್ಕೇ ಇವತ್ತು ಕೂತು ಬರೀತಾ ಇದೀನಿ, ಸ್ವಲ್ಪ ಉದ್ದ ಆಗಬಹುದು.

ಏನು ಸಿಟ್ಟು ಅಂದ್ರೆ, "ಕಾಲು ಜಾರಿ" ಅಂದ ತಕ್ಷಣ ತಪ್ಪು ಆ ಕಾಲಿನದ್ದು ಅಂತ ಆಗಿಬಿಡತ್ತೆ. ಕಾಲು ಯಾರದ್ದು, ಅವನದ್ದು. ಹಾಗಾದ್ರೆ ತಪ್ಪೂ ಅವನದ್ದು. ಮುಗೀತು ವಿಚಾರಣೆ. ಬಿದ್ದವರೂ ಹಾಗೇ ನಂಬ್ಕೊಂಡಿರ್ತಾರೆ, ಹಾಸಿಗೆ ಮೇಲೆ ಮಲಗಿಕೊಂಡೇ "ನಂದೇ ತಪ್ಪು ಮೇಡಂ, ನಾನೇ ಸರಿಯಾಗಿ ನೋಡ್ಕೊಂಡಿಲ್ಲ" ಅಂತಾರೆ. ಒಬ್ಬರಲ್ಲ ಇಬ್ಬರಲ್ಲ, ಎಲ್ಲರೂ ಇದೇ ಮಾತು. ಆದ್ರೆ ಯೋಚನೆ ಮಾಡಿ, ಕಾಲು ಯಾರಿಗೆ ಜಾರಲ್ಲ? ನಾನು ವಾರ್ಡಲ್ಲಿ ಒದ್ದೆ ನೆಲದ ಮೇಲೆ ವಾರಕ್ಕೆ ಎರಡು ಸಲನಾದ್ರೂ ಜಾರ್ತೀನಿ, ಗೋಡೆ ಹಿಡ್ಕೊಂಡು ನಿಂತ್ಕೋತೀನಿ, ಮುಂದೆ ಹೋಗ್ತೀನಿ. ನಡೆಯೋ ಮನುಷ್ಯ ಅಂದ್ಮೇಲೆ ಎಡವೋದು ಜಾರೋದು ಇದ್ದದ್ದೇ. ಜಾರಿದ ಜಾಗದಲ್ಲಿ ಕೈಗೆ ಏನು ಸಿಕ್ತು ಅನ್ನೋದೇ ಪ್ರಶ್ನೆ, ಅದನ್ನ ಯಾವ ಕೇಸ್ ಶೀಟೂ ಕೇಳಲ್ಲ.

ಎತ್ತರ ಅಂದ್ರೆ ನಮ್ಮ ಕಣ್ಣ ಮುಂದೆ ಬರೋದು ಇಪ್ಪತ್ತನೇ ಮಹಡಿ, ಕ್ರೇನು, ಗಾಜಿನ ಕಟ್ಟಡ. ನನ್ನ ಹತ್ರ ಬರೋರು ಅಲ್ಲಿಂದ ಬಿದ್ದವರಲ್ಲ, ಅಲ್ಲಿಂದ ಬಿದ್ದವರು ನನ್ನ ತನಕ ಬರೋದೇ ಇಲ್ಲ. ಬರೋರು ಎಂಟು ಅಡಿ, ಹತ್ತು ಅಡಿ, ಹದಿನೈದು ಅಡಿಯವರು. ಒಬ್ಬ ಪೇಂಟರ್ ಅಣ್ಣ ಇದ್ರು, ಏಣಿ ಮೇಲೆ ಹತ್ತು ಅಡಿ ಎತ್ತರದಲ್ಲಿ ನಿಂತಿದ್ರು, ಮೂಲೆಯಲ್ಲಿ ಒಂದು ಗೇಣು ಜಾಗ ಬಣ್ಣ ಬಿಟ್ಟುಹೋಗಿತ್ತು, ಅದೊಂದಕ್ಕೆ ಇಳಿದು ಏಣಿ ಸರಿಸಿ ಮತ್ತೆ ಹತ್ತೋದು ಯಾಕೆ ಅಂತ ಪಕ್ಕಕ್ಕೆ ವಾಲಿದ್ರು. ಏಣಿ ಬುಡ ಟೈಲ್ಸ್ ಮೇಲಿತ್ತು, ಅದು ಸರೀತು, ಅವರು ನೆಟ್ಟಗೆ ಎರಡೂ ಹಿಮ್ಮಡಿ ಊರಿ ನೆಲಕ್ಕೆ ಬಂದ್ರು. ಆಮೇಲೆ ನನ್ನ ಹತ್ರ ಅಂತಿದ್ರು, "ಅಷ್ಟು ಎತ್ತರದಿಂದ ಹುಡುಗನಾಗಿದ್ದಾಗ ಎಷ್ಟು ಸಲ ಹಾರಿಲ್ಲ ಮೇಡಂ, ಇದಕ್ಕೆ ಬೆನ್ನು ಮುರಿಯುತ್ತಾ?"

ಮುರಿಯತ್ತೆ. ಹಾರೋನಿಗೆ ತಾನು ಹಾರ್ತಿದೀನಿ ಅಂತ ಗೊತ್ತಿರತ್ತೆ, ಮಂಡಿ ಮಡಿಚ್ಕೊಂಡು ಮೊದಲೇ ತಯಾರಾಗಿರ್ತಾನೆ. ಬೀಳೋನಿಗೆ ಅದು ಸಿಗಲ್ಲ. ಮೂರು ಮೀಟರ್ ಅಂದ್ರೆ ಸುಮಾರು ಹತ್ತು ಅಡಿ, ಅಲ್ಲಿಂದ ನೆಲ ಮುಟ್ಟೋಕೆ ಒಂದು ಸೆಕೆಂಡೂ ಬೇಡ, 0.8 ಸೆಕೆಂಡಿಗಿಂತ ಕಡಿಮೆ ಸಾಕು, ನೆಲಕ್ಕೆ ತಗಲೋವಾಗ ವೇಗ ಗಂಟೆಗೆ ಸುಮಾರು 28 ಕಿಲೋಮೀಟರ್ ಇರತ್ತೆ. ಹತ್ತು ಮೀಟರ್‌ನಿಂದ ಬಿದ್ರೆ 1.4 ಸೆಕೆಂಡು, ವೇಗ 50 ಕಿಲೋಮೀಟರ್. ಮನುಷ್ಯನ ಮೆದುಳಿಗೆ "ಅಯ್ಯೋ ಬೀಳ್ತಿದೀನಿ" ಅಂತ ಹೊಳೆದು ಕೈ ಅಲ್ಲಾಡೋಕೇ ಕಾಲು ಸೆಕೆಂಡ್ ಹತ್ರ ಬೇಕು, ಅಷ್ಟರಲ್ಲಿ ಅವನು ಆಗಲೇ ಒಂದಡಿ ಕೆಳಗೆ ಬಂದಿರ್ತಾನೆ, ಹಿಡ್ಕೊಳ್ಳೋಣ ಅಂದ್ಕೊಂಡ ಕಂಬಿ ಕೈ ತಪ್ಪಿರತ್ತೆ. ಹಾಗಾಗಿ "ಹುಷಾರಾಗಿರಿ" ಅಂತ ಬೋರ್ಡ್ ಬರೆದು ನೇತುಹಾಕೋದರಲ್ಲಿ ನನಗೆ ನಂಬಿಕೆ ಇಲ್ಲ. ಹುಷಾರಾಗಿರೋದು ಬೀಳೋಕೆ ಮುಂಚೆ ಕೆಲಸಕ್ಕೆ ಬರತ್ತೆ, ಜಾರಿದ ಮೇಲೆ ಹುಷಾರು ಮಾಡೋದು ಏನೂ ಉಳಿದಿರಲ್ಲ.

ಹಿಮ್ಮಡಿ ಊರಿ ಬಿದ್ದಾಗ ಆ ಪೆಟ್ಟು ಅಲ್ಲೇ ನಿಲ್ಲಲ್ಲ, ಮೇಲಕ್ಕೆ ಹತ್ತತ್ತೆ. ಮೊದಲು ಹಿಮ್ಮಡಿ ಮೂಳೆ ಮೊಟ್ಟೆ ಒಡೆದ ಹಾಗೆ ಒಡೆಯತ್ತೆ, ಆಮೇಲೆ ಕಣಕಾಲು, ಮಂಡಿ, ಸೊಂಟದ ಕೀಲು, ಪೆಲ್ವಿಸ್, ಕೊನೆಗೆ ಬೆನ್ನು. ಬೆನ್ನಲ್ಲೂ ಎಲ್ಲಿ ಬೇಕಾದ್ರೆ ಅಲ್ಲಲ್ಲ, ಪಕ್ಕೆಲುಬು ಮುಗಿದು ಸೊಂಟ ಶುರುವಾಗೋ ಜಾಗ ಇದೆಯಲ್ಲ, ಮೇಲಿನ ಬೆನ್ನು ಪಕ್ಕೆಲುಬಿನ ಗೂಡಲ್ಲಿ ಬಿಗಿಯಾಗಿರತ್ತೆ ಕೆಳಗಿನದ್ದು ಸಡಿಲ ಇರತ್ತೆ, ಆ ಎರಡೂ ಸೇರೋ ಕಡೆ, ಡಾಕ್ಟರುಗಳು ಎಲ್ ಒನ್ ಅಂತಾರೆ, ಅಲ್ಲೇ ಮೂಳೆ ಸಿಡಿಯೋದು ಜಾಸ್ತಿ. ಸಿಡಿದ ಚೂರು ಹಿಂದಕ್ಕೆ ತಳ್ಳಿಕೊಂಡು ಹೋದ್ರೆ ಅಲ್ಲಿ ಬೆನ್ನುಹುರಿಯ ತುದಿ ಇರತ್ತೆ. ಹಿಮ್ಮಡಿ ಮೂಳೆ ಮುರಿದವರಲ್ಲಿ ಹತ್ತರಲ್ಲಿ ಒಬ್ಬರಿಗೆ ಬೆನ್ನುಮೂಳೆಯೂ ಮುರಿದಿರತ್ತೆ ಅಂತ ನಾವು ಓದುವಾಗಲೇ ಹೇಳಿಕೊಡ್ತಾರೆ. ಆದ್ರೆ ಕಾಲು ಊದಿಕೊಂಡು ಅಷ್ಟು ನೋಯ್ತಾ ಇರೋವಾಗ ಬಿದ್ದವನಿಗೆ ಬೆನ್ನಿನ ನೋವು ಗಮನಕ್ಕೇ ಬರಲ್ಲ, ಪಕ್ಕದವರು ಕಾಲಿಗೆ ಬಟ್ಟೆ ಸುತ್ತಿ ಎಬ್ಬಿಸಿ ಕೂರಿಸಿಬಿಡ್ತಾರೆ. ಪೇಂಟರ್ ಅಣ್ಣನಿಗೆ ಎರಡೂ ಹಿಮ್ಮಡಿ, ಎಲ್ ಒನ್, ಒಟ್ಟಿಗೆ ಹೋಗಿತ್ತು. ಅವರು ಈಗ ಕೋಲು ಹಿಡಿದು ನಡೀತಾರೆ. ಏಣಿ ಹತ್ತೋಕೆ ಆಗಲ್ಲ, ಹಿಮ್ಮಡಿ ಒಡೆದವರಿಗೆ ಏಣಿಯ ಮೆಟ್ಟಿಲು ಅಂದ್ರೆ ಜೀವ ಹೋಗತ್ತೆ.

ಏಣಿ ವಿಷಯ ಬಂತು, ಹೇಳಿಬಿಡ್ತೀನಿ. ನಾಲ್ಕು ಅಡಿ ಎತ್ತರಕ್ಕೆ ಬುಡ ಒಂದು ಅಡಿ ಹೊರಗಿರಬೇಕು, ಮೇಲೆ ಹೋಗಿ ಇಳಿಯೋ ಜಾಗಕ್ಕಿಂತ ಏಣಿ ಮೂರು ಅಡಿ ಮೇಲಕ್ಕೆ ಬಂದಿರಬೇಕು, ತುದಿ ಕಟ್ಟಿರಬೇಕು ಅಥವಾ ಬುಡ ಒಬ್ಬ ಹಿಡಿದಿರಬೇಕು, ಹೊಕ್ಕಳು ಏಣಿಯ ಎರಡು ಕಂಬಿ ಒಳಗೇ ಇರಬೇಕು, ಹೊಕ್ಕಳು ಕಂಬಿ ದಾಟಿತು ಅಂದ್ರೆ ಇಳಿದು ಏಣಿ ಸರಿಸಿ. ಅಷ್ಟೇ. ಬ್ರಿಟನ್‌ನಲ್ಲಿ 2005ರಲ್ಲಿ ಎತ್ತರದ ಕೆಲಸದ ನಿಯಮ ಹೊಸದಾಗಿ ಮಾಡಿದಾಗ, ಅದಕ್ಕೆ ಮುಂಚೆ ಇದ್ದ ಎರಡು ಮೀಟರ್ ಅನ್ನೋ ಲೆಕ್ಕನೇ ತೆಗೆದುಹಾಕಿದ್ರು. ಬಿದ್ರೆ ಪೆಟ್ಟಾಗೋ ಹಾಗಿದ್ರೆ ಅದು ಎತ್ತರ, ಎಷ್ಟು ಅಡಿ ಅಂತ ಕೇಳಬೇಡಿ ಅಂತ. ನನ್ನ ವಾರ್ಡ್ ನೋಡಿದ್ರೆ ಆ ಮಾತು ನೂರಕ್ಕೆ ನೂರು ಸರಿ.

ಈಗ ನಾನು ಮರೆಯೋಕಾಗದ ಒಬ್ಬ ಹುಡುಗನ ಬಗ್ಗೆ ಬರೀತೀನಿ. ಅವನಿಗೆ ಒಪ್ಪಿಗೆ ಕೇಳಿದೀನಿ, ಹೆಸರು ಹಾಕಲ್ಲ. ಆ ಸೈಟಿಗೆ ಅವನು ಹೋಗಿ ಇನ್ನೂ ಮೂರನೇ ದಿನ. ಮೇಸ್ತ್ರಿ "ಮೇಲ್ಗಡೆ ಒಂದು ಪ್ಲೈವುಡ್ ಶೀಟ್ ಬಿದ್ದಿದೆ, ಎತ್ಕೊಂಡು ಬಾ" ಅಂದ್ರು. ಹೋದ. ಶೀಟ್ ನೆಲದ ಮೇಲೆ ಮಲಗಿತ್ತು, ಮೇಲೆ ಸಿಮೆಂಟ್ ಧೂಳು, ಏನೂ ಬರೆದಿರಲಿಲ್ಲ. ಬಗ್ಗಿ ಎರಡೂ ಕೈಯಲ್ಲಿ ಅಂಚು ಹಿಡಿದು ಎತ್ತಿದ, ಎಂಟು ಅಡಿ ಉದ್ದದ ಶೀಟ್ ಎದೆ ಮುಂದೆ ನಿಂತ್ಕೊಂಡ್ರೆ ಮುಂದೆ ಏನೂ ಕಾಣಲ್ಲ, ಹಾಗೇ ಹಿಡ್ಕೊಂಡು ಒಂದು ಹೆಜ್ಜೆ ಮುಂದೆ ಇಟ್ಟ. ಅಲ್ಲಿ ನೆಲ ಇರಲಿಲ್ಲ. ಪೈಪುಗಳು ಹೋಗೋಕೆ ಅಂತ ಸ್ಲ್ಯಾಬಲ್ಲಿ ಬಿಟ್ಟಿದ್ದ ಡಕ್ಟ್ ಅದು, ಅದನ್ನ ಮುಚ್ಚೋಕೆ ಅಂತಲೇ ಯಾರೋ ಆ ಶೀಟ್ ಇಟ್ಟಿದ್ರು. ಎರಡು ಮಹಡಿ ಕೆಳಗೆ ಬಿದ್ದ. ಶೀಟ್ ಅವನ ಹಿಂದೆನೇ ಅಡ್ಡಡ್ಡ ತಗುಲಿಕೊಂಡು ಅರ್ಧದಲ್ಲಿ ನಿಂತಿತ್ತಂತೆ.

ಇದನ್ನ ಅವನು ನನಗೆ ತುಂಬಾ ದಿನ ಆದ್ಮೇಲೆ ಹೇಳಿದ್ದು, ಪ್ಯಾರಲಲ್ ಬಾರ್ ಮಧ್ಯೆ ನಿಲ್ಲಿಸಿದ್ದೆ, ಕಾಲಿಗೆ ಆಸರೆಯ ಕ್ಯಾಲಿಪರ್ ಹಾಕಿ, ಎರಡು ಕೈಯಲ್ಲೂ ಬಾರ್ ಗಟ್ಟಿ ಹಿಡ್ಕೊಂಡಿದ್ದ, ಕೆಳಗೆ ನೋಡ್ತಾ ನಿಂತಿದ್ದವನು ಇದ್ದಕ್ಕಿದ್ದ ಹಾಗೆ ಹೇಳೋಕೆ ಶುರು ಮಾಡಿದ. ಕಾಲು ಎಲ್ಲಿದೆ ಅಂತ ಅವನಿಗೆ ಕಣ್ಣಲ್ಲಿ ನೋಡಿದ್ರೆ ಮಾತ್ರ ಗೊತ್ತಾಗೋದು. "ಅವತ್ತು ಕೆಳಗೆ ನೋಡಿರಲಿಲ್ಲ ಮೇಡಂ, ಈಗ ಅದೊಂದೇ ಕೆಲಸ" ಅಂದ. ನನಗೆ ಉತ್ತರ ಕೊಡೋಕಾಗಲಿಲ್ಲ. ಅವನ ಕೇಸ್ ಶೀಟ್ ತೆಗೆದು ನೋಡಿದೆ, ಅಲ್ಲೂ ಅದೇ, ಕಾಲು ಜಾರಿ. ಅವನ ಕಾಲು ಜಾರಿರಲೇ ಇಲ್ಲ. ಅವನು ಹೇಳಿದ ಕೆಲಸ ಹೇಳಿದ ಹಾಗೆ ಮಾಡಿದ.

ಆಮೇಲೆ ನಾನು ಇದರ ಬಗ್ಗೆ ಓದೋಕೆ ಶುರು ಮಾಡಿದಾಗ ಗೊತ್ತಾಗಿದ್ದು ಏನಂದ್ರೆ ಶೀಟ್ ಎತ್ತಿ ಅದೇ ತೂತಿಗೆ ಹೆಜ್ಜೆ ಇಡೋದು ಬೇರೆ ಬೇರೆ ದೇಶದಲ್ಲೂ ಆಗ್ತಾನೇ ಇರೋ ಅಪಘಾತ. ಅದಕ್ಕೆ ಪರಿಹಾರ ಎಷ್ಟು ಸಣ್ಣದು ನೋಡಿ, ಮುಚ್ಚಿದ ಹಲಗೆಗೆ ಮೊಳೆ ಹೊಡೀಬೇಕು ಇಲ್ಲಾ ಸ್ಕ್ರೂ ಹಾಕಬೇಕು, ಮೇಲೆ ದೊಡ್ಡದಾಗಿ ಪೇಂಟಲ್ಲಿ "ತೂತು ಇದೆ, ಎತ್ತಬೇಡಿ" ಅಂತ ಬರೀಬೇಕು, ಮೇಲೆ ನಡೆದವರ ಭಾರ ತಡೆಯೋ ಅಷ್ಟು ದಪ್ಪ ಇರಬೇಕು. ನಾಲ್ಕು ಮೊಳೆ ಮತ್ತೆ ಒಂದು ಬ್ರಷ್. ಲಿಫ್ಟ್ ಬಾವಿ, ಮೆಟ್ಟಿಲ ಜಾಗ, ಬಾಲ್ಕನಿ ಅಂಚು, ಎಲ್ಲ ಕಡೆಯೂ ಇಷ್ಟೇ ಕಥೆ. ಸೊಂಟದ ಮೇಲೆ ಬರೋ ಹಾಗೆ ಒಂದು ಗಟ್ಟಿ ಕಂಬಿ, ನಡುವೆ ಇನ್ನೊಂದು, ಕೆಳಗೆ ಕಾಲಡಿ ಸಾಮಾನು ಉರುಳಿ ಹೋಗದ ಹಾಗೆ ಒಂದು ಹಲಗೆ. ಹಗ್ಗಕ್ಕೆ ಕೆಂಪು ಬಿಳಿ ರಿಬ್ಬನ್ ಕಟ್ಟಿದ್ರೆ ಅದು ರೇಲಿಂಗ್ ಆಗಲ್ಲ, ಒರಗಿದ ಮನುಷ್ಯನ ತೂಕ ಅದು ತಡೆಯಲ್ಲ.

ಹಳೇ ಸಿಮೆಂಟ್ ಶೀಟಿನ ಛಾವಣಿ ಇನ್ನೊಂದು. ಮೇಲಿಂದ ನೋಡಿದ್ರೆ ಗಟ್ಟಿ ನೆಲ ಇದ್ದ ಹಾಗೆ ಕಾಣತ್ತೆ, ಬೆಳಕಿಗೆ ಅಂತ ಹಾಕಿರೋ ಪ್ಲಾಸ್ಟಿಕ್ ಶೀಟ್ ಧೂಳು ಕೂತು ಉಳಿದಿದ್ದರ ಬಣ್ಣಕ್ಕೇ ತಿರುಗಿರತ್ತೆ, ಬೋಲ್ಟ್ ಸಾಲಿನ ಮೇಲೆ ಹೆಜ್ಜೆ ಇಟ್ಕೊಂಡು ಹೋದ್ರೆ ಏನೂ ಆಗಲ್ಲ ಅಂತ ಹಿರಿಯರು ಹೇಳಿಕೊಟ್ಟಿರ್ತಾರೆ, ಅದು ಸುಳ್ಳು ಧೈರ್ಯ, ಒಂದು ಹೆಜ್ಜೆ ತಪ್ಪಿದ್ರೆ ಇಡೀ ಮನುಷ್ಯ ಒಳಗೆ. ಅಗಲ ಹಲಗೆ ಹಾಸದೆ, ಕೆಳಗೆ ಬಲೆ ಕಟ್ಟದೆ ಆ ಶೀಟ್ ಹತ್ತಲೇಬಾರದು. ಸೋರ್ತಿದೆ ಒಂದ್ನಿಮಿಷ ನೋಡಿ ಬಾ ಅಂತ ಕಳಿಸಿದ ಕೆಲಸದಲ್ಲೇ ಈ ಥರ ಆಗೋದು.

ಬಲೆ ಅಂದ ತಕ್ಷಣ ನೆನಪಾಯ್ತು. ಅಮೆರಿಕದ ಗೋಲ್ಡನ್ ಗೇಟ್ ಸೇತುವೆ ಕಟ್ಟೋವಾಗ, 1930ರ ದಶಕ ಅದು, ದೊಡ್ಡ ಸೇತುವೆ ಅಂದ್ರೆ ಪ್ರತಿ ಹತ್ತು ಲಕ್ಷ ಡಾಲರ್ ಖರ್ಚಿಗೆ ಒಂದು ಜೀವ ಹೋಗತ್ತೆ ಅಂತ ಆ ಕಾಲದವರು ಲೆಕ್ಕ ಹಾಕ್ಕೊಂಡೇ ಕೂತಿದ್ರಂತೆ, ಜೀವವನ್ನೂ ಸಿಮೆಂಟು ಕಬ್ಬಿಣದ ಥರ ಎಸ್ಟಿಮೇಟ್‌ಗೆ ಸೇರಿಸಿದ ಹಾಗೆ. ಮುಖ್ಯ ಇಂಜಿನಿಯರ್ ಜೋಸೆಫ್ ಸ್ಟ್ರಾಸ್ ಸೇತುವೆಯ ಕೆಳಗೆ ಉದ್ದಕ್ಕೂ ಬಲೆ ಕಟ್ಟಿಸಿದ್ರು. ಅದರಲ್ಲಿ 19 ಜನ ಬಿದ್ದು ಬದುಕಿದ್ರು, ತಮ್ಮನ್ನ ತಾವೇ ನರಕದ ಅರ್ಧ ದಾರಿ ಹೋಗಿ ಬಂದವರ ಕ್ಲಬ್ ಅಂತ ಕರ್ಕೊಂಡ್ರು. ಆ ಬಲೆಯೂ ಎಲ್ಲವನ್ನೂ ತಡೀಲಿಲ್ಲ, 1937ರ ಫೆಬ್ರವರಿ 17ಕ್ಕೆ ಜನ ನಿಂತಿದ್ದ ಭಾರದ ಅಟ್ಟಣಿಗೆಯೇ ಕಳಚಿ ಬಲೆ ಹರಿದುಕೊಂಡು ನೀರಿಗೆ ಬಿತ್ತು, ಒಂದೇ ದಿನ 10 ಜನ ತೀರಿಕೊಂಡ್ರು. ನನಗೆ ಮಾತ್ರ ಆ 19 ಜನನೇ ಪದೇ ಪದೇ ನೆನಪಾಗೋದು. ಅವರೂ ಎಡವಿದ್ರು, ಜಾರಿದ್ರು, ನನ್ನ ವಾರ್ಡಿನವರ ಹಾಗೇನೇ. ಕೆಳಗೆ ಬಲೆ ಇತ್ತು, ಅದಕ್ಕೇ ಬದುಕಿ ಉಳಿದ್ರು.

ಬೆಲ್ಟ್ ಇದೆಯಲ್ಲ ಅಂತ ಕೇಳ್ತಾರೆ. ಸೈಟಿನವರನ್ನ ಕೇಳಿದ್ರೆ ಮೊದಲ ಉತ್ತರ ಅದೇ, "ಬೆಲ್ಟ್ ಕೊಟ್ಟಿದ್ವಿ, ಅವನು ಹಾಕಿರಲಿಲ್ಲ". ಈ ಬೆಲ್ಟ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು.

ಮೊದಲನೇದು, ಸೊಂಟಕ್ಕೆ ಮಾತ್ರ ಕಟ್ಟೋ ಬೆಲ್ಟ್ ಬೀಳೋನನ್ನ ಹಿಡಿಯೋಕೆ ಇರೋದಲ್ಲ. ಬೀಳುವಾಗ ಥಟ್ಟಂತ ನಿಲ್ಲಿಸೋ ಪೂರ್ತಿ ಪೆಟ್ಟು ಹೊಟ್ಟೆ ಮೇಲೆ ಬರತ್ತೆ, ಒಳಗೆ ಈಲಿ (ಲಿವರ್), ಗುಲ್ಮ (ಸ್ಪ್ಲೀನ್) ಒಡೀಬಹುದು, ಬೆನ್ನು ಹಿಂದಕ್ಕೆ ಮಡಚಿ ಮುರೀಬಹುದು, ತಲೆಕೆಳಗಾಗಿ ಅದರಿಂದಲೇ ಜಾರಿ ಹೋಗಬಹುದು. ಅಮೆರಿಕದಲ್ಲಿ ಕಟ್ಟಡ ಕೆಲಸಕ್ಕೆ 1998ರ ಜನವರಿ 1ರಿಂದ ಬೀಳೋದನ್ನ ತಡೆಯೋಕೆ ಅದನ್ನ ಬಳಸೋದು ನಿಷೇಧ. ತೊಡೆ, ಸೊಂಟ, ಎದೆ, ಭುಜ ಎಲ್ಲ ಸುತ್ತೋ ಫುಲ್ ಬಾಡಿ ಹಾರ್ನೆಸ್ ಬೇಕು, ಕೊಕ್ಕೆ ಬೆನ್ನ ಮೇಲೆ ಎರಡು ಭುಜದ ಮಧ್ಯೆ ಇರಬೇಕು.

ಎರಡನೇದು, ಎಲ್ಲಿಗೆ ಸಿಕ್ಕಿಸಿದ್ದಾರೆ ಅನ್ನೋದು. ಹಾರ್ನೆಸ್ ಹಾಕಿದ್ದಾರೆ, ಹಗ್ಗ ಇದೆ, ತುದಿ ಮಾತ್ರ ಸಾರ್ವೆಯ ಸಡಿಲ ಗಳಕ್ಕೋ ಕಿಟಕಿ ಚೌಕಟ್ಟಿಗೋ ಸಿಕ್ಕಿಸಿರ್ತಾರೆ. ಬೀಳೋ ಮನುಷ್ಯ ನಿಲ್ಲೋವಾಗ ಎಳೆತ ಅವನ ತೂಕದ ಹತ್ತಿಪ್ಪತ್ತು ಪಟ್ಟು ಆಗಬಹುದು, ಅದನ್ನ ಮೆತ್ತಗೆ ಮಾಡೋಕೇ ಹಗ್ಗದಲ್ಲಿ ಹೊಲಿಗೆ ಬಿಚ್ಚಿಕೊಳ್ಳೋ ಒಂದು ಪೊಟ್ಟಣ ಇರತ್ತೆ, ಶಾಕ್ ಅಬ್ಸಾರ್ಬರ್ ಅಂತ, ಅದು ಆ ಎಳೆತವನ್ನ 6 ಕಿಲೋನ್ಯೂಟನ್ ಒಳಗೆ ಇಡಬೇಕು ಅಂತ ಯೂರೋಪಿನ ಅಳತೆ, ಅಂದ್ರೂ ಅದು ಆರುನೂರು ಕೆಜಿ ನೇತುಹಾಕಿದ ಹಾಗೆ. ಆ ಕಿಟಕಿ ಚೌಕಟ್ಟು ಆರುನೂರು ಕೆಜಿ ತಡೆಯತ್ತಾ? ಅಮೆರಿಕದ ನಿಯಮ ಒಬ್ಬ ಮನುಷ್ಯನಿಗೆ ಸಿಕ್ಕಿಸೋ ಜಾಗ ಐದು ಸಾವಿರ ಪೌಂಡ್ ತಡೀಬೇಕು ಅನ್ನತ್ತೆ, ಸುಮಾರು 2,270 ಕೆಜಿ. ಅದು ಕಾರ್ಮಿಕ ಬೆಳಿಗ್ಗೆ ಬಂದು ಕಣ್ಣಳತೆಯಲ್ಲಿ ನಿರ್ಧಾರ ಮಾಡೋ ವಿಷಯ ಅಲ್ಲ, ಇಂಜಿನಿಯರ್ ಮೊದಲೇ ಗುರುತು ಮಾಡಿ ಹಾಕಿಸಿರಬೇಕು.

ಮೂರನೇದು ನನಗೇ ಆಶ್ಚರ್ಯ ಆಗಿದ್ದು. ಸಾಮಾನ್ಯ ಹಗ್ಗ ಆರು ಅಡಿ, 1.8 ಮೀಟರ್. ಕಾಲ ಹತ್ರ ಅಲ್ಲದೆ ಬೆನ್ನಿನ ಕೊಕ್ಕೆಯ ಮಟ್ಟಕ್ಕೇ ಕಟ್ಟಿದ್ರೂ ಅಷ್ಟು ಉದ್ದ ಬೀಳ್ತಾನೆ. ಆ ಪೊಟ್ಟಣ ಬಿಚ್ಚಿಕೊಂಡು ಇನ್ನೊಂದು ಮೀಟರ್. ಕೊಕ್ಕೆಯಿಂದ ಪಾದದವರೆಗೆ ಅವನದೇ ಮೈ ಒಂದೂವರೆ ಮೀಟರ್. ಹಾರ್ನೆಸ್ ಹಿಗ್ಗೋದು, ಸ್ವಲ್ಪ ಅಂತರ, ಎಲ್ಲ ಕೂಡಿಸಿದ್ರೆ ಕಟ್ಟಿದ ಜಾಗದ ಕೆಳಗೆ ಐದೂವರೆ ಮೀಟರ್ ಹತ್ರ ಖಾಲಿ ಬೇಕು. ಒಂದು ಮಹಡಿಯ ಎತ್ತರ ಎಷ್ಟು? ಸುಮಾರು ಮೂರು ಮೀಟರ್, ಬೆನ್ನಿನ ಕೊಕ್ಕೆಯ ಮಟ್ಟ ಸೇರಿಸಿದ್ರೂ ನಾಲ್ಕೂವರೆ. ಅಂದ್ರೆ ಮೊದಲನೇ ಮಹಡಿ ಅಂಚಲ್ಲಿ ಎಲ್ಲ ಸರಿಯಾಗಿ ಹಾಕ್ಕೊಂಡು ಸರಿಯಾಗಿ ಸಿಕ್ಕಿಸಿಕೊಂಡವನೂ ಹಗ್ಗ ಅವನನ್ನ ಪೂರ್ತಿ ನಿಲ್ಲಿಸೋ ಮುಂಚೆ ನೆಲಕ್ಕೆ ಬಡೀಬಹುದು. ಅಲ್ಲಿಗೆ ತಲೆ ಮೇಲೆ ಸಿಕ್ಕಿಸೋ, ಕಾರಿನ ಸೀಟ್ ಬೆಲ್ಟ್ ಥರ ಎಳೆದ ತಕ್ಷಣ ಲಾಕ್ ಆಗೋ ಸಾಧನ ಬೇಕು, ಇಲ್ಲಾ ಅಂಚಿನವರೆಗೆ ಹೋಗೋಕೇ ಬಿಡದಷ್ಟು ಗಿಡ್ಡ ಹಗ್ಗ ಬೇಕು, ಎಲ್ಲಕ್ಕಿಂತ ಒಳ್ಳೇದು ರೇಲಿಂಗ್. ಇಷ್ಟೆಲ್ಲ ಲೆಕ್ಕ ಇರೋ ವಸ್ತುವನ್ನ ಒಬ್ಬ ಹುಡುಗನ ಕೈಗೆ ಕೊಟ್ಟು, ಹಾಕೋದು ಹೇಗೆ ಅಂತಲೂ ಹೇಳದೆ, ಬಿದ್ಮೇಲೆ "ಕೊಟ್ಟಿದ್ವಿ" ಅಂತಾರಲ್ಲ, ಅದು ನನಗೆ ತಡೆಯೋಕಾಗಲ್ಲ.

ಹಿಡ್ಕೊಂಡಿತು ಅಂತಲೇ ಇಟ್ಕೊಳ್ಳಿ, ಅಲ್ಲಿಗೂ ಮುಗಿದಿಲ್ಲ. ಗಾಳಿಯಲ್ಲಿ ನೇತಾಡ್ತಿರೋ ಮನುಷ್ಯನ ತೊಡೆ ಪಟ್ಟಿ ಬಿಗಿಯಾಗಿ ರಕ್ತ ಕಾಲಲ್ಲೇ ನಿಂತುಬಿಡತ್ತೆ, ಕಾಲು ಆಡಿಸದೆ ಸುಮ್ಮನೆ ನೇತಾಡಿದ್ರೆ ಕೆಲವೇ ನಿಮಿಷಗಳಲ್ಲಿ ತಲೆ ಸುತ್ತಿ ಪ್ರಜ್ಞೆ ಹೋಗಬಹುದು, ಹಾಗೇ ಬಿಟ್ರೆ ಜೀವನೂ ಹೋಗಬಹುದು. ಯಾರಿಗಾದ್ರೂ ಫೋನ್ ಮಾಡಿ ಬರ್ಲಿ ಅಂತ ಕಾಯೋಕೆ ಟೈಮ್ ಇಲ್ಲ, ಅವನನ್ನ ಹೇಗೆ ಇಳಿಸೋದು ಅನ್ನೋದು ಅವನು ಮೇಲೆ ಹತ್ತೋ ಮುಂಚೆನೇ ಗೊತ್ತಿರಬೇಕು.

ಬಿದ್ದ ಮೇಲಿನ ಮೊದಲ ಹತ್ತು ನಿಮಿಷ. ಇದನ್ನ ಓದೋರಲ್ಲಿ ಸೈಟಲ್ಲಿ ಕೆಲಸ ಮಾಡೋರು, ಮನೆ ಕಟ್ಟಿಸ್ತಾ ಇರೋರು ಇರ್ತೀರ, ದಯವಿಟ್ಟು ಇದನ್ನ ಮಾತ್ರ ನೆನಪಿಟ್ಕೊಳ್ಳಿ. ಬಿದ್ದವನನ್ನ ಕಂಡ ತಕ್ಷಣ ನಾಲ್ಕು ಜನ ಓಡಿ ಬಂದು ಕಂಕುಳಿಗೆ ಇಬ್ಬರು ಕಾಲಿಗೆ ಇಬ್ಬರು ಹಿಡಿದು ಎತ್ತಿಬಿಡ್ತಾರೆ, ಆಗ ಮನುಷ್ಯ ನಡುವಲ್ಲಿ ಜೋಳಿಗೆ ಥರ ಮಡಚಿಕೊಳ್ತಾನೆ. ಒಡೆದಿರೋ ಮೂಳೆ ಇರೋದೇ ಆ ನಡುವಲ್ಲಿ. ಆಮೇಲೆ ಆಟೋದಲ್ಲೋ ಕಾರಿನ ಹಿಂದಿನ ಸೀಟಲ್ಲೋ ಮುದುರಿ ಕೂರಿಸ್ಕೊಂಡು ಬರ್ತಾರೆ. ಪ್ರೀತಿಯಿಂದಲೇ, ಗಾಬರಿಯಿಂದಲೇ ಮಾಡೋದು, ಅದು ನನಗೆ ಗೊತ್ತು. ಆದ್ರೆ "ಬಿದ್ದಾಗ ಕಾಲು ಆಡ್ತಿತ್ತು ಮೇಡಂ, ಆಸ್ಪತ್ರೆಗೆ ಬರೋಷ್ಟರಲ್ಲಿ ನಿಂತುಹೋಯ್ತು" ಅಂತ ಹೇಳಿದವರನ್ನ ನಾನು ನೋಡಿದೀನಿ. ಆ ಮಾತು ಕೇಳೋದು ಕಷ್ಟ.

ಉಸಿರಾಡ್ತಿದ್ದಾನಾ, ರಕ್ತ ಹರೀತಿದೆಯಾ, ಅದು ಮೊದಲು. ರಕ್ತ ಹರೀತಿದ್ರೆ ಬಟ್ಟೆ ಇಟ್ಟು ಗಟ್ಟಿ ಒತ್ತಿ ಹಿಡೀರಿ. ಆಮೇಲೆ ಅವನ ಮೇಲೆ ಇನ್ನೇನೂ ಬೀಳೋ ಅಪಾಯ ಇಲ್ಲದಿದ್ರೆ ಅಲ್ಲೇ ಹಾಗೇ ಬಿಡಿ, ಒಬ್ಬರು ತಲೆ ಹತ್ರ ಕೂತು ಎರಡೂ ಕೈಯಲ್ಲಿ ತಲೆ ಅಲ್ಲಾಡದ ಹಾಗೆ ಹಿಡ್ಕೊಳ್ಳಿ, ಎದ್ದು ಕೂರೋಕೆ ಬಿಡಬೇಡಿ, ನೀರು ಕುಡಿಸಬೇಡಿ, ಮೈ ಬೆಚ್ಚಗೆ ಮುಚ್ಚಿ, ಆಂಬ್ಯುಲೆನ್ಸ್ ಕರೆಸಿ. ತಿರುಗಿಸಲೇಬೇಕಾದ್ರೆ ತಲೆ ಭುಜ ಸೊಂಟ ಕಾಲು ಎಲ್ಲ ಒಂದೇ ಸಲ, ಮರದ ದಿಮ್ಮಿ ಉರುಳಿಸಿದ ಹಾಗೆ. ಸಾಗಿಸಲೇಬೇಕು ಬೇರೆ ದಾರಿನೇ ಇಲ್ಲ ಅಂದ್ರೆ ಗಟ್ಟಿ ಹಲಗೆ ಅಥವಾ ಬಾಗಿಲ ಮೇಲೆ ಅಂಗಾತ.

ಇನ್ನೊಂದು, ಬಿದ್ದು ತಲೆಗೆ ಪೆಟ್ಟಾಗಿ ಒಂದು ನಿಮಿಷ ಮಂಪರು ಬಂದು ಆಮೇಲೆ ಎದ್ದು ಧೂಳು ಕೊಡವಿಕೊಂಡು "ಏನೂ ಆಗಿಲ್ಲ ಬಿಡ್ರಿ" ಅಂತ ಮತ್ತೆ ಕೆಲಸಕ್ಕೆ ಹೋಗ್ತಾರಲ್ಲ, ಅವರನ್ನ ಒಬ್ಬರನ್ನೇ ಬಿಡಬೇಡಿ. ತಲೆಬುರುಡೆಗೂ ಮೆದುಳಿನ ಹೊದಿಕೆಗೂ ಮಧ್ಯೆ ರಕ್ತ ಸೋರೋಕೆ ಶುರುವಾದ್ರೆ ಕೆಲವು ಗಂಟೆ ಮನುಷ್ಯ ಪೂರ್ತಿ ಸರಿಯಾಗಿ ಮಾತಾಡ್ಕೊಂಡೇ ಇರ್ತಾನೆ, ಆಮೇಲೆ ತಲೆನೋವು, ವಾಂತಿ, ನಿದ್ದೆ ಬರ್ತಿದೆ ಅಂತ ಮಲಗ್ತಾನೆ, ಏಳಲ್ಲ. ಹೊಟ್ಟೆ ಒಳಗೆ ಗುಲ್ಮ ಒಡೆದಿದ್ರೂ ಹೀಗೇ ಮೊದಲಿಗೆ ಗೊತ್ತಾಗದೇ ಇರಬಹುದು. ಎತ್ತರದಿಂದ ಬಿದ್ದವರನ್ನ ನಡೀತಾ ಇದ್ರೂ ಆಸ್ಪತ್ರೆಗೆ ಕರ್ಕೊಂಡು ಹೋಗಿ.

ಸತ್ತವರ ಲೆಕ್ಕ ಎಲ್ಲಾದ್ರೂ ಸಿಗತ್ತೆ. ಅಮೆರಿಕದಲ್ಲಿ ಕಟ್ಟಡ ಕೆಲಸದಲ್ಲಿ ಸಾಯೋರಲ್ಲಿ ಮೂರರಲ್ಲಿ ಒಬ್ಬರು ಬಿದ್ದೇ ಸಾಯೋದು ಅಂತ ಅವರದೇ ಅಂಕಿಅಂಶ ಇದೆ. ಬದುಕಿ ಉಳಿದವರ ದಿನ ಹೇಗಿರತ್ತೆ ಅಂತ ಅಂಕಿಅಂಶದಲ್ಲಿ ಬರಲ್ಲ, ಅದು ನನಗೆ ಗೊತ್ತಿರೋದು. ಸೊಂಟದ ಕೆಳಗೆ ಸ್ಪರ್ಶ ಹೋದವನು ಹಾಸಿಗೆಯಲ್ಲಿದ್ರೆ ಎರಡು ಗಂಟೆಗೊಂದು ಸಲ ಮಗ್ಗಲು ಬದಲಿಸಬೇಕು, ರಾತ್ರಿನೂ. ಇಲ್ಲಾಂದ್ರೆ ಮೂಳೆ ಉಬ್ಬಿರೋ ಕಡೆ ಚರ್ಮ ಮೊದಲು ಕೆಂಪಾಗತ್ತೆ, ಆಮೇಲೆ ಕಪ್ಪಾಗತ್ತೆ, ಆಮೇಲೆ ಗುಂಡಿ, ಅವನಿಗೆ ನೋವೇ ಗೊತ್ತಾಗಲ್ಲ. ವೀಲ್‌ಚೇರಲ್ಲಿ ಕೂತಾಗ ಪ್ರತಿ ಹದಿನೈದಿಪ್ಪತ್ತು ನಿಮಿಷಕ್ಕೆ ಕೈಯೂರಿ ಮೈ ಎತ್ತಬೇಕು. ನಾಲ್ಕರಿಂದ ಆರು ಗಂಟೆಗೊಮ್ಮೆ ಕ್ಯಾತಿಟರ್ ಅನ್ನೋ ಸಣ್ಣ ಕೊಳವೆ ಹಾಕಿ ಮೂತ್ರ ತೆಗೀಬೇಕು, ಕೈ ಸ್ವಚ್ಛ ಇಲ್ದಿದ್ರೆ ಸೋಂಕು, ಸೋಂಕು ಕಿಡ್ನಿಗೆ ಹೋದ್ರೆ ಜೀವಕ್ಕೇ ಕುತ್ತು. ಬಿಸಿ ಪಾತ್ರೆ ತೊಡೆ ಮೇಲಿಟ್ಕೊಂಡ್ರೆ ಸುಟ್ಟುಹೋಗಿದ್ದು ಗೊತ್ತಾಗಲ್ಲ. ಇದೆಲ್ಲ ಮಾಡೋಕೆ ಮನೆಯಲ್ಲಿ ಇನ್ನೊಬ್ಬರು ಬೇಕು, ಹೆಂಡತಿ, ಅಮ್ಮ, ಶಾಲೆ ಬಿಡಿಸಿದ ಮಗಳು. ಒಬ್ಬ ಬಿದ್ದಿದ್ದು, ಹಾಸಿಗೆ ಹಿಡಿಯೋದು ಇಡೀ ಮನೆ. ದಿನಗೂಲಿ ನಿಂತ ದಿನದಿಂದಲೇ ಇದೆಲ್ಲ ಶುರುವಾಗೋದು.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1988ರಲ್ಲೇ ಕಟ್ಟಡ ಕೆಲಸದ ಸುರಕ್ಷತೆಗೆ ಅಂತ 167ನೇ ಒಪ್ಪಂದ ಮಾಡಿದೆ, ಸಾರ್ವೆ, ಏಣಿ, ಎತ್ತರದ ಕೆಲಸ ಎಲ್ಲ ಅದರಲ್ಲಿದೆ. ಅಪಾಯ ಕಣ್ಣಿಗೆ ಕಂಡ್ರೆ ಅಲ್ಲಿಂದ ದೂರ ಹೋಗೋ ಹಕ್ಕು ಕೆಲಸಗಾರನಿಗೆ ಇದೆ ಅಂತಲೂ ಇದೆ. ಕಾಗದದ ಮೇಲೆ ಗೊತ್ತಿಲ್ಲದ್ದು ಏನೂ ಉಳಿದಿಲ್ಲ. ಮೂರನೇ ದಿನದ ಹುಡುಗ ಮೇಸ್ತ್ರಿ ಎದುರು ನಿಂತು "ಅಣ್ಣ ಇದರ ಕೆಳಗೆ ಏನಿದೆ" ಅಂತ ಕೇಳೋಕೆ ಆಗಬೇಕಲ್ಲ, ಅದು ಕಾಗದದಿಂದ ಬರಲ್ಲ. ಕೇಳಿದವನನ್ನ ನಾಳೆ ಬರಬೇಡ ಅಂದ್ರೆ ಇನ್ಯಾರೂ ಕೇಳಲ್ಲ.

ಈಗ ನಾನು ಒಂದು ಕೆಲಸ ಮಾಡ್ತೀನಿ. ಹೊಸಬರು ಬಂದಾಗ ನನ್ನ ಅಸೆಸ್‌ಮೆಂಟ್ ಹಾಳೆಯಲ್ಲಿ ಮೂರು ಪ್ರಶ್ನೆ ಜಾಸ್ತಿ ಸೇರಿಸ್ಕೊಂಡಿದೀನಿ, ನನ್ನಷ್ಟಕ್ಕೆ. ಅಂಚಲ್ಲಿ ರೇಲಿಂಗ್ ಇತ್ತಾ. ತೂತು ಮುಚ್ಚಿ ಮೊಳೆ ಹೊಡೆದಿದ್ರಾ. ಆ ಸೈಟಲ್ಲಿ ಎಷ್ಟನೇ ದಿನ. ಮೊದಲು ಸುಮ್ಮನಿರ್ತಾರೆ, ನಂದೇ ತಪ್ಪು ಅಂತಾರೆ. ಎರಡನೇ ಸಲ ಕೇಳಿದಾಗ ಯೋಚನೆ ಮಾಡ್ತಾರೆ, "ಇಲ್ಲ ಮೇಡಂ, ಏನೂ ಇರಲಿಲ್ಲ" ಅಂತಾರೆ, ಆ ಉತ್ತರ ನಾನು ಅವರು ಹೇಳಿದ ಹಾಗೇ ಬರೀತೀನಿ.

ಪ್ಲೈವುಡ್ ಹುಡುಗ ಮನೆಗೆ ಹೋಗೋ ಹಿಂದಿನ ದಿನ ವೀಲ್‌ಚೇರಲ್ಲಿ ಕಿಟಕಿ ಹತ್ರ ಕೂತು ಫೋನಲ್ಲಿ ಮಾತಾಡ್ತಿದ್ದ. ಅವನ ತಮ್ಮ ಅದೇ ವಾರ ಸೆಂಟ್ರಿಂಗ್ ಕೆಲಸಕ್ಕೆ ಸೇರಿದ್ದನಂತೆ, ಮನೆ ನಡೀಬೇಕಲ್ಲ. ನಾನು ಹಾಳೆಗೆ ಸಹಿ ಹಾಕಿಸೋಕೆ ಹೋಗಿ ಪಕ್ಕದಲ್ಲಿ ನಿಂತಿದ್ದೆ. "ಶೀಟ್ ಕಂಡ್ರೆ ಮೊದಲು ಕಾಲಲ್ಲಿ ಒದ್ದು ನೋಡೋ, ಅಲ್ಲಾಡಿದ್ರೆ ಮೊಳೆ ಹೊಡೆದಿಲ್ಲ ಅಂತ. ಎತ್ತಬೇಡ. ಯಾರು ಹೇಳಿದ್ರೂ ಎತ್ತಬೇಡ, ಬೈದ್ರೆ ಬೈಲಿ" ಅಂತಿದ್ದ. ಆ ಕಡೆಯಿಂದ ಏನೋ ಅಂದ ಅವನು. ಇವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ, ಮೊಳೆ ನೀನೇ ತಗೊಂಡು ಹೋಗು" ಅಂದ.